ಎರಡು ಕಣ್ಣಿನ ಮಾತು

ಆ ಬೀದಿಯಲ್ಲಿ ಅವರನ್ನು ಈಗ ಯಾರೂ ಹೊಲಿಗೆಯಮ್ಮ ಅಂತ ಕರೆಯುವುದಿಲ್ಲ. ಗಂಡ ಹೋದ ಮೇಲೆ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಒಬ್ಬನೇ ಮಗನನ್ನು ದಡ ಸೇರಿಸಿದವರು, ಮೊಣಕಾಲು ಕೈಕೊಟ್ಟ ಮೇಲೆ ಮಿಷನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿ ಮೂಲೆಗೆ ತಳ್ಳಿದವರು. ಮಗ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಸೊಸೆ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಮೊಮ್ಮಗಳು ಚೂಟಿ ಎಂಟನೇ ಕ್ಲಾಸು. ಈ ನಾಲ್ಕು ಜನರ ಮನೆಯಲ್ಲಿ ಅತ್ತೆಯ ಕೆಲಸ ಅಡುಗೆ, ಮತ್ತು ಯಾರು ಏನು ಹೇಳಿದರೂ ಅದಕ್ಕೊಂದು ಎದುರು ಮಾತು ಎಸೆಯುವುದು.

ಆ ಎದುರು ಮಾತೇ ಅವರನ್ನು ಊರಿಗೆಲ್ಲ ಗೊತ್ತುಮಾಡಿದ್ದು. ಒಂದು ಭಾನುವಾರ ಸೊಸೆ ಅಡುಗೆಮನೆಯಲ್ಲಿ ನಿಂತು, ಜ್ವರ ಬಂದ ಮಗುವಿಗೆ ಕಂಬಳಿ ಹೊದಿಸಬೇಡಿ ಅಂತ ಫೋನಿನ ಮುಂದೆ ಹೇಳುತ್ತಿದ್ದಳು, ಮಗ ಫೋನ್ ಹಿಡಿದು ವಿಡಿಯೋ ತೆಗೆಯುತ್ತಿದ್ದ. ಹಿಂದೆ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತದೆ, ಹಾಗಾದ್ರೆ ನಿನ್ನ ಗಂಡನಿಗೆ ನಾನು ಹೊದಿಸಿ ಹೊದಿಸಿ ಬೆವರಿಳಿಸಿದ್ದೆಲ್ಲ ದಂಡವಾ ಅಂತ ಕೇಳಿಬಿಟ್ಟರು. ಸೊಸೆ ನಕ್ಕಳು. ಮಗ ಅದನ್ನು ಕತ್ತರಿಸದೆ ಹಾಗೇ ಇಂಟರ್ನೆಟ್ಟಿಗೆ ಹಾಕಿದ. ಮುಂದಿನ ವಾರ ತರಕಾರಿಯವನು ಸೊಪ್ಪಿನ ಕಟ್ಟೊಂದನ್ನು ಮೇಲೆ ಹಾಕಿಕೊಟ್ಟು, "ಇದು ವಿಡಿಯೋ ಅತ್ತೆಗೆ" ಅಂದ. ಅಲ್ಲಿಂದ ಅದೇ ಹೆಸರು ನಿಂತಿತು. ಡಾಕ್ಟರು ಹೇಳುವುದು, ಅತ್ತೆ ಅಡ್ಡ ಕೇಳುವುದು, ಡಾಕ್ಟರು ತಿದ್ದುವುದು. ಆಸ್ಪತ್ರೆಯವರು ಇಬ್ಬರ ಫೋಟೋವನ್ನು ಲಿಫ್ಟಿನ ಬಾಗಿಲ ಮೇಲೆ ಅಂಟಿಸಿದರು. ಬಾಗಿಲು ತೆರೆದಾಗಲೆಲ್ಲ ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಸರಿಯುತ್ತಿದ್ದರು.

ಅಂಗಿಯ ಗುಂಡಿಯಂಥ ಚಪ್ಪಟೆ ಬ್ಯಾಟರಿಯ ವಿಡಿಯೋ ಮಾಡಿದ ದಿನ ಸೊಸೆ ಆಯಾಸದಲ್ಲಿದ್ದಳು. ಆ ವಾರ ಒಂದು ಪುಟ್ಟ ಮಗು ಆಟಿಕೆಯೊಳಗಿನ ಬ್ಯಾಟರಿ ನುಂಗಿ ಬಂದಿತ್ತು. ನಾಣ್ಯವಿರಬಹುದು, ಕಾದು ನೋಡೋಣ ಅಂತ ಉಳಿದವರು ಅಂದುಕೊಳ್ಳುವಷ್ಟರಲ್ಲಿ ಇವಳು ಎಕ್ಸ್‌ರೇ ನೋಡಿ, ಅಂಚಿನಲ್ಲಿ ಎರಡು ಗೆರೆ ಕಂಡು ಇದು ನಾಣ್ಯವಲ್ಲ, ಬ್ಯಾಟರಿ ಅಂತ ಗುರುತಿಸಿ, ಮಗುವನ್ನು ನೇರ ಆಪರೇಷನ್ ಕೋಣೆಗೆ ಎತ್ತಿಕೊಂಡು ಓಡಿದ್ದಳು. ಅನ್ನನಾಳ ಸ್ವಲ್ಪ ಸುಟ್ಟಿದ್ದರೂ ಜೀವ ಉಳಿಯಿತು. ಇದನ್ನು ಎಲ್ಲ ಮನೆಯವರೂ ತಿಳಿಯಲೇಬೇಕು ಅಂತ ಅವಳಿಗೆ ಹಟ. ವಿಡಿಯೋದಲ್ಲಿ ಹೇಳಿದಳು: ಅವಳಿ ಮಕ್ಕಳು, ತಾಯಿ ಫೋನ್ ನೋಡುತ್ತಾ ಕೂತಿದ್ದಾಳೆ, ಒಂದು ಮಗು ಹಾಲು ಕುಡಿಯುತ್ತಿದೆ, ಇನ್ನೊಂದು ಬ್ಯಾಟರಿ ನುಂಗುತ್ತಿದೆ. ಆಗ ಅತ್ತೆ ಆಲೂಗಡ್ಡೆ ಸುಲಿಯುತ್ತಾ ಹೇಳಿದರು: "ದೇವರು ಎರಡು ಮಕ್ಕಳು ಕೊಟ್ಟ, ಎರಡು ಕಣ್ಣೂ ಕೊಟ್ಟ. ಒಂದೊಂದರ ಮೇಲೆ ಒಂದೊಂದು ಇಡೋಕೆ ಏನು ಕಷ್ಟ ಆ ತಾಯಿಗೆ?"

ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ ಬ್ಯಾಟರಿಯನ್ನು ಎಲ್ಲರೂ ಮರೆತರು. ಜನ ಆ ಒಂದು ತುಂಡನ್ನು ಮಾತ್ರ ಕತ್ತರಿಸಿ ಹಂಚಿದರು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಯಾರದೋ ಜೇಬಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಅತ್ತೆಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷ ಅವರ ಮಾತಿಗೆ ನಕ್ಕವರು ಅಳತೆ ಕೊಡಲು ಬಂದ ಮಕ್ಕಳು ಮಾತ್ರ.

ಹಿಗ್ಗು ಒಂದು ತಿಂಗಳೂ ಬಾಳಲಿಲ್ಲ. ಆ ಮಗುವಿನ ತಾಯಿ ವೈದ್ಯ ಮಂಡಳಿಗೆ ದೂರು ಕೊಟ್ಟಳು. ಆಸುಪಾಸಿನಲ್ಲಿ ಬ್ಯಾಟರಿ ನುಂಗಿದ ಅವಳಿ ಮಗು ಒಂದೇ, ಅದರ ತಾಯಿ ತಾನೊಬ್ಬಳೇ, ಹೆಸರು ಹೇಳದಿದ್ದರೆ ಏನಾಯಿತು ಅಂತ ಅದರ ಸಾರ. ಮಂಡಳಿಯಿಂದ ಸೊಸೆಗೆ ನೋಟಿಸ್ ಬಂತು. ಅದೇ ವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ಅವಳನ್ನು ಕರೆದು, ಚಹಾ ತರಿಸಿ, ಮಂಡಳಿ ತೀರ್ಮಾನ ಬರುವ ತನಕ ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಅಂದರು. ಲಿಫ್ಟಿನ ಫೋಟೋ ಅವಳು ಕೆಳಗಿಳಿದು ಬರುವಷ್ಟರಲ್ಲಿ ಅರ್ಧ ಕಿತ್ತಾಗಿತ್ತು. ಅತ್ತೆಯ ಅರ್ಧ ಇನ್ನೂ ಅಂಟಿಕೊಂಡಿತ್ತು ಅಂತ ಸೊಸೆ ಮನೆಗೆ ಬಂದು ಹೇಳಿದಳು. ಯಾರಿಗೂ ನಗು ಬರಲಿಲ್ಲ.

ವಕೀಲರು ತೆಳ್ಳಗಿನ ಮನುಷ್ಯ, ಮೃದುವಾಗಿ ಮಾತಾಡುವವರು. ಅವರು ಹೇಳಿದ್ದನ್ನೆಲ್ಲ ಮಗ ಊಟದ ಮೇಜಿನ ಮೇಲೆ ಒಂದೊಂದಾಗಿ ಇಟ್ಟ. ವಿಡಿಯೋ ಅಳಿಸುವಂತಿಲ್ಲ, ಸಾಕ್ಷಿ ನಾಶ ಆಗುತ್ತೆ. ಹಾಗೇ ಬಿಡುವಂತಿಲ್ಲ, ಉದ್ಧಟತನ ಆಗುತ್ತೆ. ಯಾರಿಗೂ ಕಾಣದಂತೆ ಮುಚ್ಚಿಡಬೇಕು. ಕ್ಷಮೆ ಕೇಳುವಂತಿಲ್ಲ, ತಪ್ಪೊಪ್ಪಿಗೆ ಆಗುತ್ತೆ. ಆ ತಾಯಿಯ ಹತ್ತಿರ ಮನೆಯವರು ಯಾರೂ ಸುಳಿಯುವಂತಿಲ್ಲ, ಒತ್ತಡ ಹಾಕಿದ ಹಾಗಾಗುತ್ತೆ.

"ಉಸಿರಾಡಬಹುದಾ?" ಅಂತ ಅತ್ತೆ ಕೇಳಿದರು.

"ಅಮ್ಮ, ಇನ್ನೂ ಮಾತು ಬೇಕಾ ನಿನಗೆ?" ಅಂದ ಮಗ. ಅತ್ತೆ ತಟ್ಟೆಗೆ ಬೇಳೆ ಬಡಿಸಿದರು.

ವಿಡಿಯೋ ಮುಚ್ಚಿಟ್ಟದ್ದು ಹೆಸರಿಗಷ್ಟೆ. ಅದರ ಮರಿಗಳು ಊರೆಲ್ಲ ಓಡಾಡುತ್ತಿದ್ದವು. ಆಗಷ್ಟೇ ಅತ್ತೆಗೆ ಅರ್ಥವಾಯಿತು, ಹೊಲಿದದ್ದನ್ನಾದರೆ ಬಿಚ್ಚಬಹುದಿತ್ತು.

ಸೊಸೆ ಮನೆಯಲ್ಲಿ ಉಳಿದದ್ದು ಮದುವೆಯಾದ ಮೇಲೆ ಅದೇ ಮೊದಲು. ಬೆಳಿಗ್ಗೆ ಹಿಂದಿನಂತೆಯೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು, ಎಲ್ಲಿಗೂ ಹೋಗಲಾರದೆ ಅಡುಗೆಮನೆಗೆ ಬರುತ್ತಿದ್ದಳು. ಅತ್ತೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು: ಸಕ್ಕರೆ, ಉಪ್ಪು, ಅಕ್ಕಿ. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದ ಅತ್ತೆ, ಡಬ್ಬಿಗಳ ಜಾಗ ಬದಲಾಗಿ ಚಹಾಕ್ಕೆ ಉಪ್ಪು ಹಾಕಿದರು. ಒಂದು ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಬೆನ್ನಿಗೆ ಬೆನ್ನು ತಾಗಿಸಿಕೊಂಡು ತಿರುಗುವುದು, ಸರಿ ಅತ್ತೆ, ಇರಲಿ ಬಿಡಮ್ಮ ಅಂತ ದಾರಿ ಬಿಡುವುದು. ಮೊದಲಾದರೆ ಜಗಳವಾಡುತ್ತಿದ್ದರು. ಈಗ ಆ ಸಲಿಗೆಯೂ ಇರಲಿಲ್ಲ.

ಅವಳ ಸಂಬಳ ನಿಂತಿತ್ತು. ಮೀನು ತರುವುದು ನಿಂತಿತು, ಚೂಟಿಯ ಈಜು ಕ್ಲಾಸು ನಿಂತಿತು. ಚೂಟಿಗೆ ಈಜು ಹೋದದ್ದು ದೊಡ್ಡ ದುಃಖವಲ್ಲ. ಶಾಲೆಯಲ್ಲಿ ಅವಳು ಬಾಟಲಿ ಬೀಳಿಸಿದರೂ, ಲೆಕ್ಕ ತಪ್ಪಿದರೂ ಯಾರಾದರೂ ಅಜ್ಜಿಯ ದನಿಯಲ್ಲಿ, ಎರಡು ಕಣ್ಣು ಕೊಟ್ಟ ಅಂತ ಶುರು ಮಾಡುತ್ತಿದ್ದರು. ಒಂದು ಸಂಜೆ ಅವಳು ಬ್ಯಾಗು ಎಸೆದು, "ಅಜ್ಜಿ, ನೀನು ಸುಮ್ನೆ ಆಲೂಗಡ್ಡೆ ಸುಲಿಯೋಕೆ ಆಗ್ತಿರಲಿಲ್ವಾ?" ಅಂದಳು. ಅತ್ತೆ ಬ್ಯಾಗನ್ನೆತ್ತಿ ಗೂಟಕ್ಕೆ ಹಾಕಿದರು.

ಮಗನದು ಬೇರೆಯದೇ ಉರಿ. ಅವನಿಗೆ ಮನೆಯ ಕಡೆಯ ಕಥೆಯನ್ನೂ ವಿಡಿಯೋ ಮಾಡಿ ಹಾಕಬೇಕು. ಇನ್ನೊಂದೂರಿನ ಯಾರೋ ಅಪ್ಪ ಆ ವಿಡಿಯೋ ನೋಡಿದ್ದರಿಂದಲೇ ತನ್ನ ಮಗಳನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ, ಅವಳು ಉಳಿದಳು ಅಂತ ಬರೆದಿದ್ದ. ಮಗ ಅದನ್ನು ದಿನಕ್ಕೊಮ್ಮೆ ಓದಿ ಹೇಳುತ್ತಿದ್ದ. ಒಂದು ಜೀವ ಉಳಿದಿದೆ, ಅದರ ಮುಂದೆ ಒಬ್ಬಳ ಮನಸ್ಸು ನೋಯೋದು ಎಷ್ಟರ ಮಾತು ಅಂತ ಅವನ ವಾದ. ಸೊಸೆ ಒಮ್ಮೆ ಮಾತ್ರ, "ನೀನು ಡಾಕ್ಟರ್ ಅಲ್ಲ, ನೋಟಿಸ್ ನಿನಗೆ ಬಂದಿಲ್ಲ" ಅಂದಳು. ಆಮೇಲೆ ಗಂಡ ಹೆಂಡತಿ ಒಂದು ವಾರ ಅನ್ನ ಬೇಕಾ, ಸಾಕು ಇಷ್ಟರಲ್ಲೇ ಮಾತು ಮುಗಿಸಿದರು.

ಅತ್ತೆ ಬ್ರೆಡ್ ತರಲು ಹೋದ ಒಂದು ಬೆಳಿಗ್ಗೆ ಬೇಕರಿಯ ಸಾಲಿನಲ್ಲಿ ಮುಂದೆ ಒಬ್ಬ ಹೆಂಗಸು ಎರಡು ಸೀಟಿನ ತಳ್ಳುಗಾಡಿ ಹಿಡಿದು ನಿಂತಿದ್ದಳು. ಅವಳಿ ಮಕ್ಕಳ ಗಾಡಿ. ಒಂದು ಸೀಟಿನಲ್ಲಿ ಆಲೂಗಡ್ಡೆ ಚೀಲ, ಇನ್ನೊಂದರಲ್ಲಿ ಸೋಪಿನ ಪುಡಿಯ ಪೊಟ್ಟಣ. ಎರಡಕ್ಕೂ ಬೆಲ್ಟ್ ಹಾಕಿತ್ತು. ಅತ್ತೆ ಹಿಂದಕ್ಕೆ ಸರಿಯಲು ನೋಡಿದರು. ಮೊಣಕಾಲು ಅಷ್ಟು ಬೇಗ ತಿರುಗಲಿಲ್ಲ. ಹೆಂಗಸು ಹಿಂತಿರುಗಿ ನೋಡಿ, ಆ ಮುಖವನ್ನು ಗುರುತಿಸಿದಳು. ಊರೇ ಗುರುತಿಸುವ ಮುಖ ಅದು.

ಬ್ರೆಡ್ ತೆಗೆದುಕೊಂಡು ಇಬ್ಬರೂ ಹೊರಗೆ ಬಂದರು. ಅತ್ತೆಗೆ ವಕೀಲರ ಮಾತು ನೆನಪಿತ್ತು. ನಾನು ಏನೂ ಮಾತಾಡುವ ಹಾಗಿಲ್ಲಮ್ಮ ಅಂದರು.

"ನೀವು ಮಾತಾಡಬೇಡಿ. ನೀವು ಮಾತಾಡಿದ್ದು ಸಾಕಷ್ಟಾಯ್ತು" ಅಂದಳು ಅವಳು. ದನಿ ಏರಲಿಲ್ಲ. "ನಾನು ಫೋನ್ ನೋಡ್ತಿರಲಿಲ್ಲ. ದೊಡ್ಡವನಿಗೆ ವಾಂತಿ ಆಗ್ತಿತ್ತು. ಅವನ ತಲೆ ಹಿಡ್ಕೊಂಡು ಬಚ್ಚಲಲ್ಲಿದ್ದೆ. ಚಿಕ್ಕವನು ಕೋಣೇಲಿದ್ದ. ಎರಡು ಕಣ್ಣಿದ್ರೂ ಗೋಡೆ ಆಚೆ ಕಾಣಲ್ಲ. ಇದನ್ನೆಲ್ಲ ನಿಮ್ಮ ಸೊಸೆಗೆ ಅವತ್ತೇ ಹೇಳಿದ್ದೆ. ಅವರು ಬರ್ಕೊಂಡ್ರು ಕೂಡ."

ಅತ್ತೆ ಗಾಡಿಯ ಹಿಡಿ ಹಿಡಿದುಕೊಂಡರು.

ಉಳಿದದ್ದನ್ನು ಅವಳು ರಸ್ತೆ ನೋಡುತ್ತಾ ಹೇಳಿದಳು. ವಿಡಿಯೋ ಬಂದ ಮೇಲೆ ಅವಳ ಅತ್ತೆ ಬಂದು ಇಬ್ಬರು ಮಕ್ಕಳನ್ನೂ ತನ್ನ ಮನೆಗೆ ಎತ್ತಿಕೊಂಡು ಹೋಗಿದ್ದಾರೆ, ಹಿಂದಿನ ಬೀದಿಯ ಚಪ್ಪಲಿ ಅಂಗಡಿಯ ಮೇಲಿನ ಮನೆ. ಫೋನ್ ಚಟ ಬಿಡೋ ತನಕ ಅಲ್ಲೇ ಇರಲಿ ಅಂತ ಗಂಡನೂ ಅಂದಿದ್ದಾನೆ. ಇವಳು ಸಂಜೆ ಹೋಗಿ ನೋಡಿ ಬರಬೇಕು. ಇಲ್ಲದ ಚಟವನ್ನು ಬಿಡುವುದು ಹೇಗೆ ಅಂತ ಅವಳಿಗೆ ಗೊತ್ತಿಲ್ಲ.

"ನಿಮ್ಮ ಸೊಸೇನೇ ನನ್ನ ಮಗನ ಜೀವ ಉಳಿಸಿದ್ದು. ಇಲ್ಲ ಅನ್ನಲ್ಲ. ಅದಕ್ಕೇ ನನ್ನ ಮೇಲೆ ಏನು ಬೇಕಾದ್ರೂ ಹೇಳಬಹುದು ಅಂತಾಗುತ್ತಾ? ನನಗೆ ಅವರ ಲೈಸೆನ್ಸ್ ಬೇಡ. ಈ ತಾಯಿ ಫೋನ್ ನೋಡ್ತಿರಲಿಲ್ಲ ಅಂತ ಒಂದು ಕಡೆ, ಒಂದೇ ಒಂದು ಕಡೆ ಬರಲಿ. ಅದನ್ನ ತಗೊಂಡು ಹೋಗಿ ನಮ್ಮ ಅತ್ತೆ ಮುಂದೆ ಇಡ್ತೀನಿ."

ಗಾಡಿ ತಳ್ಳಿಕೊಂಡು ಹೋದಳು. ಒಂದು ಚಕ್ರ ಅಲ್ಲಾಡುತ್ತಿತ್ತು.

ಅತ್ತೆ ಮನೆಗೆ ಬಂದಾಗ ಸೊಸೆ ಕಿಟಕಿಯ ಕಂಬಿ ಒರೆಸುತ್ತಿದ್ದಳು. ಅತ್ತೆ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದರು. ಬೈಯಲಿ ಅಂತ ಕಾದರು. ಸೊಸೆ ಬಟ್ಟೆಯನ್ನು ಹಿಂಡಿ, ಮಡಿಚಿ, ಮತ್ತೆ ಬಿಚ್ಚಿದಳು.

"ಫೋನ್ ಎಲ್ಲಿಂದ ಬಂತು?" ಅಂತ ಅತ್ತೆ ಕೇಳಿದರು.

"ಗುರುತು ಸಿಗಬಾರದು ಅಂತ ನಾನೇ ಹಾಕಿದ್ದು. ನಡೆದದ್ದನ್ನ ನಡೆದ ಹಾಗೇ ಹೇಳೋ ಹಾಗಿಲ್ಲ ಅತ್ತೆ, ಏನಾದ್ರೂ ಬದಲಾಯಿಸಬೇಕು. ವಾಂತಿ ತೆಗೆದು ಫೋನ್ ಹಾಕ್ದೆ. ಎಲ್ಲರ ಮನೇಲೂ ನಡೆಯೋದಲ್ವಾ, ಯಾರಿಗೂ ತಟ್ಟಲ್ಲ ಅಂದ್ಕೊಂಡೆ."

"ಗುರುತು ಸಿಗಬಾರದು ಅಂದ್ರೆ ಅವಳಿ ಅನ್ನೋದನ್ನ ಯಾಕೆ ಉಳಿಸಿದೆ? ಒಂದೇ ಮಗು ಅನ್ನಬಹುದಿತ್ತು."

ಸೊಸೆ ಕಿಟಕಿಯ ಕಡೆ ತಿರುಗಿ ಇನ್ನೊಂದು ಕಂಬಿ ಒರೆಸಿದಳು.

"ಒಂದೇ ಮಗು ಅಂತಲೇ ಇನ್ನೊಂದ್ಸಲ ತೆಗೆಯೋಣ ಅಂತಿದ್ದೆ. ಅಷ್ಟರಲ್ಲಿ ನೀವು ಆ ಮಾತು ಹೇಳಿದ್ರಿ. ಅವಳಿ ತೆಗೆದ್ರೆ ನಿಮ್ಮ ಮಾತು ನಿಲ್ತಿರಲಿಲ್ಲ."

ಅತ್ತೆ ಕುರ್ಚಿ ಎಳೆದು ಕೂತರು. ಅಲ್ಲಿಯವರೆಗೂ ಅವರಿಗೆ ತಾನು ಬರೀ ಬಾಯಿಹರುಕಿ, ತಪ್ಪು ಓದಿದ ಸೊಸೆಯದು ಅನ್ನುವ ಒಂದು ಸಣ್ಣ ಸಮಾಧಾನ ಉಳಿದಿತ್ತು. ಅದೂ ಹೋಯಿತು.

ಆ ರಾತ್ರಿ ಊಟಕ್ಕೆ ಮಗ ವಕೀಲರ ಹೊಸ ಉಪಾಯ ತಂದಿದ್ದ. ಅವನ ಮುಖದಲ್ಲಿ ಎಷ್ಟೋ ವಾರದ ಮೇಲೆ ಬಣ್ಣ ಬಂದಿತ್ತು. ವಿಡಿಯೋದ ತಾಯಿ ಫೋನ್ ನೋಡುತ್ತಿದ್ದಳು. ದೂರು ಕೊಟ್ಟವಳು ತಾನು ಫೋನ್ ನೋಡುತ್ತಿರಲಿಲ್ಲ ಅಂತ ತಾನೇ ಬರೆದುಕೊಟ್ಟಿದ್ದಾಳೆ. ಅಂದಮೇಲೆ ವಿಡಿಯೋದ ತಾಯಿ ಇವಳಲ್ಲ. ತಿಳಿವಳಿಕೆಗಾಗಿ ಕಟ್ಟಿದ ಕಥೆ ಅದು. ಚುಚ್ಚುಮಾತೊಂದು ಉಳಿಯುತ್ತೆ, ಅದು ಡಾಕ್ಟರದಲ್ಲ, ಮನೆಯ ಹಿರಿಯರದು. ಹಿರಿಯರು ಬಂದು, ನಾನೇ ಹೇಳಿದ್ದು ಅಂತ ಮಂಡಳಿ ಮುಂದೆ ಒಪ್ಪಿಕೊಂಡರೆ ದೂರು ಬಿದ್ದುಹೋಗುತ್ತೆ.

"ನನ್ನ ಮೇಲೆ ಹಾಕೋದಾದ್ರೆ ಹಾಕಿ" ಅಂದರು ಅತ್ತೆ. "ನನ್ನ ಹತ್ರ ಕಿತ್ಕೊಳ್ಳೋಕೆ ಯಾವ ಲೈಸೆನ್ಸೂ ಇಲ್ಲ. ಆದ್ರೆ ಕಥೆ ಅಂದ್ರೆ ಆ ಹುಡುಗಿ ಸುಳ್ಳಿ ಅಂತಾಗಲ್ವಾ? ಇಲ್ಲದ ಕುಂಬಳಕಾಯಿ ಹೆಗಲ ಮೇಲೆ ಹೊತ್ಕೊಂಡಳು ಅಂತಾಗಲ್ವಾ?"

"ಅವಳೇನು ನಮ್ಮ ಮನೆಯವಳಾ ಅಮ್ಮ? ನಿನ್ನ ಸೊಸೆ ಓದಿದ್ದು ಹದಿನಾಲ್ಕು ವರ್ಷ. ಅದನ್ನ ಯಾರು ಕೊಡ್ತಾರೆ?"

"ಅಪ್ಪ, ಅಮ್ಮ ಇಲ್ಲೇ ಇದಾಳೆ. ಅವಳನ್ನ ಕೇಳು" ಅಂದಳು ಚೂಟಿ.

ಎಲ್ಲರೂ ಸೊಸೆಯ ಕಡೆ ನೋಡಿದರು. ಅವಳು ಮೊಸರು ಕಲಸಿದ ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಿದ್ದಳು. "ವಕೀಲರು ಹೇಳಿದ ಹಾಗೇ ಆಗಲಿ" ಅಂದಳು. ಅದು ಒಪ್ಪಿಗೆಯೋ ಸುಸ್ತೋ ಅತ್ತೆಗೆ ತಿಳಿಯಲಿಲ್ಲ. ಚೂಟಿ ತಟ್ಟೆ ತೆಗೆದುಕೊಂಡು ಎದ್ದುಹೋದಳು.

ವಿಚಾರಣೆಯ ಕೋಣೆ ಅತ್ತೆ ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಉದ್ದ ಮೇಜು, ಅದರ ಹಿಂದೆ ಮೂವರು ಹಿರಿಯ ಡಾಕ್ಟರು, ನಡುವೆ ಬಿಳಿ ಕೂದಲಿನ ಒಬ್ಬ ಹೆಂಗಸು. ಆಕೆ ಅಧ್ಯಕ್ಷೆ. ಮಗುವಿನ ತಾಯಿ ಗೋಡೆಗೆ ಆನಿಸಿಟ್ಟ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಅವಳ ಕಡೆ ವಕೀಲರಿರಲಿಲ್ಲ, ಗಂಡನೂ ಬಂದಿರಲಿಲ್ಲ. ವಿಡಿಯೋ ಹಾಕಿ ತೋರಿಸಿದರು. ತನ್ನ ದನಿ ಬಂದಾಗ ಅತ್ತೆ ನೆಲ ನೋಡಿದರು. ಮೇಜಿನ ಹಿಂದಿದ್ದ ಒಬ್ಬ ಡಾಕ್ಟರಿಗೆ ನಗು ಬಂದು ಅವರು ಕೆಮ್ಮಿದಂತೆ ಮಾಡಿದರು. ಅದನ್ನು ಆ ತಾಯಿಯೂ ನೋಡಿದಳು.

ಈ ಮಾತು ನಿಮ್ಮದೇನಾ ಅಂತ ಅಧ್ಯಕ್ಷೆ ಅತ್ತೆಯನ್ನು ಕೇಳಿದರು. ನನ್ನದೇ, ನನ್ನ ಬಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದರು ಅತ್ತೆ. ವಕೀಲರು ತೃಪ್ತಿಯಿಂದ ಕಾಗದ ಮಗುಚಿದರು. ಇನ್ನೊಂದೂರಿನ ಅಪ್ಪ ಬರೆದದ್ದನ್ನು ಓದಿದರು. ಅಧ್ಯಕ್ಷೆ ಪೂರ್ತಿ ಕೇಳಿ, ಆ ಮಗು ಉಳಿದದ್ದು ಬ್ಯಾಟರಿಯ ವಿಷಯ ತಿಳಿದದ್ದರಿಂದ, ಅದಕ್ಕೆ ಈ ತಾಯಿ ಬೇಕಿರಲಿಲ್ಲವಲ್ಲ ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಡಾಕ್ಟರ್, ವಿಡಿಯೋದಲ್ಲಿ ಹೇಳಿದ ಮಗು ಈಕೆಯ ಮಗುವಾ, ಅಲ್ಲವಾ?"

ಸೊಸೆ ಎದ್ದು ನಿಂತಳು. ವಕೀಲರ ಜೊತೆ ಕೂತು ಉರುಹಚ್ಚಿದ ಉತ್ತರ ಅವಳ ಬಾಯಲ್ಲಿತ್ತು, ಅತ್ತೆಗೂ ಅದು ಬಾಯಿಪಾಠವಾಗಿತ್ತು. ಸೊಸೆ ಗೋಡೆಯ ಪಕ್ಕದ ಕುರ್ಚಿಯ ಕಡೆ ನೋಡಿದಳು.

"ಈಕೆಯದೇ ಮಗು. ಇವರು ಫೋನ್ ನೋಡ್ತಿರಲಿಲ್ಲ. ಇನ್ನೊಂದು ಮಗುವಿಗೆ ವಾಂತಿ ಆಗ್ತಿತ್ತು, ಅದನ್ನ ನೋಡ್ಕೊಳ್ತಿದ್ರು. ನನಗೆ ಗೊತ್ತಿತ್ತು. ಫೋನ್ ಸೇರಿಸಿದ್ದು ನಾನು. ನಮ್ಮ ಅತ್ತೆ ಸಾವಿರ ಮಾತಾಡ್ತಾರೆ, ಯಾವುದು ಇರಲಿ ಯಾವುದು ಬೇಡ ಅಂತ ಆರಿಸೋದು ನನ್ನ ಕೆಲಸ. ಅದನ್ನ ಇಟ್ಟವಳೂ ನಾನೇ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಆ ತಾಯಿ ಅಳಲಿಲ್ಲ. ಕೈಚೀಲದ ಜಿಪ್ಪನ್ನು ಒಮ್ಮೆ ತೆಗೆದು ಮತ್ತೆ ಎಳೆದಳು.

ಆದೇಶ ಬರಲು ಇನ್ನೂ ಕೆಲವು ವಾರ ಹಿಡಿಯಿತು. ಆರು ತಿಂಗಳು ವೈದ್ಯ ವೃತ್ತಿ ಮಾಡುವಂತಿಲ್ಲ. ಕಾರಣ ಒಂದೇ ಸಾಲು: ರೋಗಿಯ ಗೌಪ್ಯತೆಯ ಉಲ್ಲಂಘನೆ. ಫೋನಿನ ಸುದ್ದಿಯಿಲ್ಲ, ವಾಂತಿಯ ಸುದ್ದಿಯಿಲ್ಲ. ವಿಚಾರಣೆಯಲ್ಲಿ ಆಡಿದ ಮಾತು ಕೋಣೆಯ ಆಚೆ ಹೋಗುವಂತಿಲ್ಲ ಅನ್ನುವುದು ನಿಯಮ. ಈ ರೋಗಿಯ ಬಗ್ಗೆ ಡಾಕ್ಟರು ಇನ್ನು ಎಲ್ಲೂ, ಯಾವ ರೂಪದಲ್ಲೂ ಏನೂ ಹೇಳಬಾರದು ಅಂತಲೂ ಇತ್ತು. ಹಾಗಾಗಿ ನಾನು ಹೇಳಿದ್ದು ತಪ್ಪು, ಆ ತಾಯಿ ಫೋನ್ ನೋಡುತ್ತಿರಲಿಲ್ಲ ಅಂತ ಸೊಸೆ ಒಂದು ಮಾತು ಹಾಕಿದರೂ ಅದು ಎರಡನೇ ಅಪರಾಧ. ಆ ತಾಯಿ ಮಂಡಳಿಯ ಗುಮಾಸ್ತನ ಹತ್ತಿರ ಹೋಗಿ ಹೇಳಿಕೆಯ ನಕಲು ಕೇಳಿದಳಂತೆ. ಅದು ನಿಮ್ಮ ಒಳ್ಳೆಯದಕ್ಕೇ ಗೌಪ್ಯವಮ್ಮ ಅಂತ ಕಳಿಸಿದರಂತೆ. ಇದನ್ನು ವಕೀಲರೇ ಹೇಳಿದರು. ಅವರಿಗೂ ಸ್ವಲ್ಪ ಬೇಜಾರಾದಂತಿತ್ತು.

ಮಗ ಆದೇಶ ಓದಿ, "ನಿಜ ಹೇಳಿ ಯಾರಿಗೆ ಏನು ಸಿಕ್ಕಿತು?" ಅಂತ ಕೇಳಿದ. ಸೊಸೆ ಅಕ್ಕಿ ತೊಳೆಯುತ್ತಿದ್ದಳು. ತೊಳೆದ ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ಅತ್ತೆ ಕೈ ಹಿಡಿದು ಪಾತ್ರೆ ತೆಗೆದುಕೊಂಡರು.

ಮರುದಿನ ಸಂಜೆ ಅತ್ತೆ ಯಾರಿಗೂ ಹೇಳದೆ ಹಿಂದಿನ ಬೀದಿಗೆ ಹೋದರು. ತನಗೆ ನೋಟಿಸ್ ಇಲ್ಲ, ಮಂಡಳಿಯಿಲ್ಲ, ಲೈಸೆನ್ಸಿಲ್ಲ. ಹೇಳಬಹುದಾದವರು ಆ ಮನೆಯಲ್ಲಿ ತಾನೊಬ್ಬಳೇ ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದ್ದರು. ಚಪ್ಪಲಿ ಅಂಗಡಿಯ ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಗೋಡೆ ಹಿಡಿದು, ನಡುವೆ ನಿಂತು ನಿಂತು ಹತ್ತಿದರು.

ಬಾಗಿಲು ತೆಗೆದ ಹೆಂಗಸು ಅವರ ವಯಸ್ಸಿನವರೇ, ದಪ್ಪಗಿನ ನಗುಮುಖದವರು. ನೋಡಿದ ತಕ್ಷಣ ಕೈ ಹಿಡಿದು ಒಳಗೆ ಎಳೆದುಕೊಂಡರು. ವಿಡಿಯೋ ಅತ್ತೆ ನಮ್ಮ ಮನೆಗೆ ಬಂದಿದ್ದಾರೆ ಅಂತ ಪಕ್ಕದ ಮನೆಯವರನ್ನು ಕೂಗಿದರು. ನಾನು ನಿಮ್ಮ ಒಂದು ವಿಡಿಯೋನೂ ಬಿಟ್ಟಿಲ್ಲ ಅಂದರು. ಎರಡೂ ಗಂಡು ಮಕ್ಕಳು ಚಾಪೆಯ ಮೇಲೆ ಡಬ್ಬಿ ಬಡಿಯುತ್ತಿದ್ದವು. ಚಿಕ್ಕದು ಯಾವುದೆಂದು ತೆಳ್ಳಗಿದ್ದುದರಿಂದ ಗೊತ್ತಾಗುತ್ತಿತ್ತು. ಅವುಗಳ ತಾಯಿ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಬಂದ ನೆಂಟರ ಹಾಗೆ ಕೂತಿದ್ದಳು. ಅತ್ತೆಯನ್ನು ಕಂಡು ಅವಳ ಮುಖ ಬಿಳಿಚಿತು.

ಚಹಾ ಬೇಡ ಅಂದರು ಅತ್ತೆ. ಪಕ್ಕದ ಮನೆಯ ಇಬ್ಬರು ಬಂದು ನಿಂತಿದ್ದರು. ಇವರೂ ಕೇಳಲಿ ಅಂದುಕೊಂಡರು.

"ಆ ಮಾತು ಹೇಳಿದವಳು ನಾನು. ಅದು ತಪ್ಪು ಅಂತ ಹೇಳೋಕೇ ಬಂದಿದೀನಿ. ನಿಮ್ಮ ಸೊಸೆ ಫೋನ್ ನೋಡ್ತಿರಲಿಲ್ಲ. ಒಂದು ಮಗು ವಾಂತಿ ಮಾಡ್ತಿತ್ತು, ಅದರ ತಲೆ ಹಿಡ್ಕೊಂಡಿದ್ದಳು. ಫೋನು ನಮ್ಮ ಮನೇಲಿ ಸೇರಿಸಿದ ಸುಳ್ಳು. ನಾನು ಗೊತ್ತಿಲ್ಲದೆ ಬಾಯಿಗೆ ಬಂದದ್ದು ಅಂದೆ. ಮಕ್ಕಳನ್ನ ಅವಳಿಗೆ ಕೊಡಿ."

ಆ ಮನೆಯ ಅತ್ತೆಯ ಮುಖದಲ್ಲಿ ನಗು ಹಾಗೇ ಇತ್ತು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ ಪಾತ್ರೆಯ ಹಾಗೆ.

"ಫೋನ್ ಇಲ್ಲದೇ ಇರಬಹುದಮ್ಮ" ಅಂದರು. "ಕಣ್ಣು ಅಂತೂ ಇರಲಿಲ್ಲವಲ್ಲ. ವಾಂತಿ ಮಾಡೋ ಮಗು ಮೇಲೆ ಒಂದಿಟ್ಟಳು, ಸರಿ. ಇನ್ನೊಂದು? ನೀವೇ ಹೇಳಿದ್ದಲ್ವಾ? ಎಷ್ಟು ಚೆನ್ನಾಗಿ ಹೇಳಿದ್ರಿ. ನೀವು ಅದನ್ನ ವಾಪಸ್ ತಗೊಂಡ್ರೂ ನಾನು ತಗೊಳ್ಳಲ್ಲ."

ಪಕ್ಕದ ಮನೆಯವರು ನಕ್ಕರು. ಅತ್ತೆ ಇನ್ನೂ ಹೇಳಿದರು. ಗೋಡೆಯ ವಿಷಯ ಹೇಳಿದರು, ಬಚ್ಚಲಿನ ವಿಷಯ ಹೇಳಿದರು, ತಾನೂ ಮಗನನ್ನು ಮಿಷನ್ನಿನ ಕಾಲಿಗೆ ಕಟ್ಟಿ ಹಾಕಿ ಹೊಲಿದವಳು ಅಂತ ಹೇಳಿದರು. ಪ್ರತಿ ಮಾತಿಗೂ ಅವರದೇ ಮಾತು ಎದುರು ಬಂದು ನಿಲ್ಲುತ್ತಿತ್ತು. ಬದುಕಿಡೀ ಯಾರಿಗೂ ಮಾತಿನಲ್ಲಿ ಸೋಲದವರು ಅವತ್ತು ತಮಗೇ ಸೋತರು.

ಇಳಿಯುವಾಗ ಆ ತಾಯಿ ಹಿಂದೆ ಬಂದು ಮೆಟ್ಟಿಲಲ್ಲಿ ತೋಳು ಹಿಡಿದಳು. ಕೊನೆಗೆ ಎರಡೇ ಮೆಟ್ಟಿಲು ಉಳಿದಾಗ ನಿಂತಳು.

"ಇನ್ನು ಬರಬೇಡಿ" ಅಂದಳು. "ನಾನೇ ಕರೆಸಿದೆ ಅಂತಾರೆ. ಇವತ್ತು ಮೇಲೆ ಹೋದ್ಮೇಲೆ ಅದೇ ಶುರುವಾಗುತ್ತೆ." ತೋಳು ಬಿಟ್ಟು, "ಕಾಲು ನೋಡಿ ಇಡಿ, ಕೊನೇ ಮೆಟ್ಟಿಲು ಒಡೆದಿದೆ" ಅಂದು ಮೇಲೆ ಹತ್ತಿದಳು.

ಅತ್ತೆ ಮನೆಗೆ ಬಂದು ಸೊಸೆಗೆ ಮಾತ್ರ ಹೇಳಿದರು. ಸೊಸೆ ಬಿಸಿನೀರು ತಂದು ಅವರ ಮೊಣಕಾಲಿಗೆ ಶಾಖ ಕೊಡುತ್ತಾ ಕೂತಳು. ಚೂಟಿ ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಹೋಂವರ್ಕ್ ಬರೆದಳು. ಅಡುಗೆ ಅವತ್ತು ಮಗ ಮಾಡಿದ. ಉಪ್ಪಿರಲಿಲ್ಲ, ಯಾರೂ ಕೇಳಲಿಲ್ಲ.

ಆರು ತಿಂಗಳು ಇನ್ನೂ ಮುಗಿದಿಲ್ಲ. ಮುಗಿದರೂ ಆಸ್ಪತ್ರೆಯವರು ವಾಪಸ್ ಕರೆಯುತ್ತಾರೆ ಅಂತ ಯಾರೂ ಹೇಳಿಲ್ಲ. ಸೊಸೆ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಬೇಕರಿಯಲ್ಲಿ ಹೊಸಬನೊಬ್ಬ ಗಲ್ಲಾದ ಮೇಲೆ ಕೂತಿದ್ದ. ಅತ್ತೆಯನ್ನು ಕಂಡು ಕಣ್ಣರಳಿಸಿ, ನೀವು ವಿಡಿಯೋ ಅತ್ತೆ ಅಲ್ವಾ, ಆ ಮಾತು ಒಂದ್ಸಲ ಹೇಳಿ ಅಂತ ಫೋನ್ ತೆಗೆದು ಹಿಡಿದ. ದೂರು ಬಂದ ಹೊಸತರಲ್ಲಾದರೆ ಅತ್ತೆ ಸೆರಗಿನಲ್ಲಿ ಮುಖ ಮರೆಸಿಕೊಂಡು ಹೊರಟುಬಿಡುತ್ತಿದ್ದರು. ಈಗ ಕೆಲವು ದಿನಗಳಿಂದ ಹಾಗೆ ಮಾಡುತ್ತಿಲ್ಲ. ಗುರುತು ಹಿಡಿದವರೆಲ್ಲರಿಗೂ, ತರಕಾರಿಯವನಿಗೆ, ಬಸ್ಸಿನ ಕಂಡಕ್ಟರನಿಗೆ, ನಿಂತು ಹೇಳುತ್ತಾರೆ. ಅವನಿಗೂ ಹೇಳಿದರು, ನಿಧಾನವಾಗಿ, ಫೋನಿನ ಕಡೆಗೆ ನೋಡಿಕೊಂಡೇ.

"ಆ ತಾಯಿ ಕೈಲಿ ಫೋನ್ ಇರಲಿಲ್ಲಪ್ಪ. ಇನ್ನೊಂದು ಮಗು ವಾಂತಿ ಮಾಡ್ತಿತ್ತು, ಅದರ ತಲೆ ಇತ್ತು ಅವಳ ಕೈಲಿ. ನಾನು ಹೇಳಿದ್ದು ತಪ್ಪು."

ಅವನು ಇನ್ನೂ ಏನೋ ಬರುತ್ತೆ ಅಂತ ಕಾದ. ಬರಲಿಲ್ಲ. ಫೋನ್ ಕೆಳಗಿಳಿಸಿ, "ಇದರಲ್ಲಿ ನಗೋದು ಎಲ್ಲಿ ಬರುತ್ತೆ ಅಮ್ಮ?" ಅಂತ ಕೇಳಿದ.

"ಬರಲ್ಲ" ಅಂದರು ಅತ್ತೆ. "ಒಂದು ಬ್ರೆಡ್ ಕೊಡು."